ಪರದೆ ತೆಗೆದರೆ ಬಸ್ಸು, ಹಾಕಿದರೆ ಕತ್ತಲು: ನಮ್ಮ ಮನೆಗಳ ಕಿಟಕಿ ಕತೆ

ಹೋದ ವರ್ಷ ಫೆಬ್ರವರಿ ಕೊನೆಗೆ ಕುಡಿಯುವ ನೀರಿನ ಸುದ್ದಿ ಮಾಡಲು ರಸ್ತೆ ಪಕ್ಕದ ಒಂದು ಊರಿಗೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡೂವರೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಂದು ಮನೆಯವರು ಒಳಗೆ ಕರೆದು ನೀರು ಕೊಟ್ಟರು. ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅದರ ಕೆಳಗೆ ಎಸ್ಸೆಸ್ಸೆಲ್ಸಿ ಹುಡುಗಿ ಲೆಕ್ಕ ಬಿಡಿಸುತ್ತಾ ಕುಳಿತಿದ್ದಳು. ರಸ್ತೆ ಕಡೆಗೆ ಅಗಲವಾದ ಕಿಟಕಿ ಇತ್ತು, ಗಾಜೂ ಇತ್ತು. ಅದರ ಮೇಲೆ ಹಳೆಯ ಸೀರೆ ಎರಡು ಮಡಿಕೆ ಮಾಡಿ ಇಳಿಬಿಟ್ಟಿದ್ದರು.

"ಪರದೆ ಸರಿಸಿದ್ರ ಬೆಳಕು ಬರ್ತೈತಲ್ರಿ?" ಅಂದೆ.

"ಬೆಳಕು ಬರ್ತೈತ್ರಿ. ಬಸ್ಸಿನಾಗ ಕುಂತಾವ್ರೂ ನಮ್ಮ ತಾಟಿನ್ಯಾಗ ಏನೈತಿ ಅಂತ ನೋಡ್ತಾರ್ರಿ" ಅಂದರು ಹುಡುಗಿಯ ತಾಯಿ.

ಅಷ್ಟರಲ್ಲಿ ಕರೆಂಟ್ ಹೋಯಿತು. ಹುಡುಗಿ ಪುಸ್ತಕ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು. ಅಲ್ಲಿ ಬಸ್ಸಿನವರ ಜೊತೆ ಬೈಕಿನವರೂ ನೋಡುವವರೇ. ಐದು ನಿಮಿಷಕ್ಕೆ ವಾಪಸ್ ಬಂದು ಪುಸ್ತಕ ಮುಚ್ಚಿಟ್ಟಳು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಅಂದಿದ್ದು ನನಗೆ ಇವತ್ತಿಗೂ ನೆನಪಿದೆ: "ತಮ್ಮಾ, ಮೊದಲಿನ ಮನಿಗೆ ರಸ್ತೆ ಕಡೆ ಕಿಡಕೀನ ಇರಲಿಲ್ಲ. ಹಗಲ ದೀಪಾನೂ ಹಚ್ತಿರಲಿಲ್ಲ."

ಕಿಟಕಿ ಇಲ್ಲದ ಮನೆಯಲ್ಲಿ ಬೆಳಕು ಹೇಗೆ? ಉತ್ತರ ಕರ್ನಾಟಕದ ಮಾಳಿಗೆ ಮನೆ ನೋಡಿದವರಿಗೆ ಗೊತ್ತು. ಮಣ್ಣಿನ ಮಾಳಿಗೆಯಲ್ಲಿ ಒಂದು ಕಿಂಡಿ ಬಿಟ್ಟಿರುತ್ತಿದ್ದರು. ಅದೇ ಬೆಳಕಿಂಡಿ. ಕೆಲವು ಕಡೆ ಗವಾಕ್ಷಿ ಅನ್ನುತ್ತಾರೆ. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಕಲ್ಲನ್ನೋ ತಗಡನ್ನೋ ಮುಚ್ಚಬೇಕು. ಒಲೆಯ ಹೊಗೆ ಹೋಗುವ ದಾರಿಯೂ ಅದೇ. ಬಿಸಿಲು ಅಲ್ಲಿಂದ ನೆಟ್ಟಗೆ ನೆಲಕ್ಕೆ ಬೀಳುತ್ತಿತ್ತು, ಆ ಬೆಳಕಿನ ಮಚ್ಚೆ ಗೋಡೆ ಏರಿದ್ದು ನೋಡಿ ಹೊತ್ತು ಎಷ್ಟಾಯಿತು ಎಂದು ಹೇಳುವವರಿದ್ದರು. ಮುಖ್ಯ ವಿಷಯ ಏನೆಂದರೆ, ಆಕಾಶಕ್ಕೆ ತೆರೆದ ಕಿಂಡಿಗೆ ಪರದೆ ಬೇಕಿಲ್ಲ. ಅಲ್ಲಿಂದ ಇಣುಕುವವರು ಯಾರೂ ಇಲ್ಲ.

ಗವಾಕ್ಷ ಅನ್ನುವುದು ಸಂಸ್ಕೃತದ ಪದ, ಎತ್ತಿನ ಕಣ್ಣು ಎಂದು ಅರ್ಥ. ಇಂಗ್ಲಿಷಿನ ವಿಂಡೋ ಕೂಡ ಹಾಗೆಯೇ, ಹಳೆಯ ಸ್ಕ್ಯಾಂಡಿನೇವಿಯಾದ ಭಾಷೆಯಲ್ಲಿ ಅದು ಗಾಳಿಯ ಕಣ್ಣು. ಎರಡೂ ಕಡೆಯ ಜನ ಕಿಟಕಿಯನ್ನು ಕಣ್ಣು ಅಂದರು. ಕಣ್ಣು ಅಂದಮೇಲೆ ನಾವು ಹೊರಗೆ ನೋಡುವುದೂ ಇದೆ, ಹೊರಗಿನವರು ಒಳಗೆ ನೋಡುವುದೂ ಇದೆ.

ಹಳೆ ಮೈಸೂರಿನ ತೊಟ್ಟಿ ಮನೆ ಇದೇ ಲೆಕ್ಕವನ್ನು ಬೇರೆ ರೀತಿ ಬಿಡಿಸಿತು. ಬೀದಿಗೆ ಗೋಡೆ, ನಡುವೆ ತೆರೆದ ತೊಟ್ಟಿ. ಬೆಳಕು, ಗಾಳಿ, ಮಳೆ ಎಲ್ಲ ಮನೆಯ ಹೊಟ್ಟೆಯಿಂದಲೇ. ಕರಾವಳಿಯಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಮನೆ ಮನೆಗೂ ಬಂದಮೇಲೆ ಅದೇ ಅಳತೆಯ ಗಾಜಿನ ಹೆಂಚೂ ಬಂತು. ಹತ್ತು ಹೆಂಚಿನ ನಡುವೆ ಒಂದು ಗಾಜಿನದು ಕೂರಿಸಿದರೆ ಅಡುಗೆಮನೆಗೆ ಬೆಳಕು, ಸೋರುವ ಭಯವೂ ಇಲ್ಲ. ಬೆಳಕಿಂಡಿ ಮುಚ್ಚಲು ಮಾಳಿಗೆ ಹತ್ತುವ ಕೆಲಸ ಇಲ್ಲಿ ತಪ್ಪಿತು.

ಬೀದಿಗೆ ಕಿಟಕಿ ಇಡಲೇಬೇಕು ಅಂದರೆ ಅದಕ್ಕೂ ದಾರಿ ಇತ್ತು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಅದರ ನವರಂಗ ಮೊದಲು ತೆರೆದೇ ಇತ್ತು. ಮುಂದೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರ ಕೂರಿಸಿದರು. ಬೇಲೂರಿಗೆ ಹೋದಾಗ ಶಿಲಾಬಾಲಿಕೆ ನೋಡಿ ಸೆಲ್ಫಿ ತೆಗೆದು ಬರುವ ಮುಂಚೆ ಒಂದು ಕೆಲಸ ಮಾಡಿ. ಹೊರಗೆ ನಿಂತು ಜಾಲಂಧ್ರದೊಳಗೆ ನೋಡಿ, ಬರೀ ಕಪ್ಪು. ಒಳಗೆ ಹೋಗಿ ಹೊರಗೆ ನೋಡಿ, ಅಂಗಳದ ಜನ ಕಾಣುತ್ತಾರೆ. ಜೈಪುರದಲ್ಲಿ 1799ರಲ್ಲಿ ಕಟ್ಟಿದ ಹವಾ ಮಹಲಿನ 953 ಪುಟ್ಟ ಕಿಟಕಿಗಳ ಹಿಂದೆ ರಾಣಿವಾಸದವರು ನಿಂತು ಬೀದಿಯ ಮೆರವಣಿಗೆ ನೋಡುತ್ತಿದ್ದದ್ದು ಹೀಗೆಯೇ. ಗುಟ್ಟು ಇಷ್ಟೇ: ಕತ್ತಲಲ್ಲಿ ಇದ್ದವರಿಗೆ ಬೆಳಕಿನಲ್ಲಿ ಇದ್ದವರು ಕಾಣುತ್ತಾರೆ, ಬೆಳಕಿನಲ್ಲಿ ಇದ್ದವರಿಗೆ ಕತ್ತಲಲ್ಲಿ ಇದ್ದವರು ಕಾಣುವುದಿಲ್ಲ. ನಮ್ಮ ಕಡೆಯ ಬಿದಿರಿನ ತಟ್ಟಿ, ಕರಾವಳಿಯ ತೆಂಗಿನ ಮಡಲು, ನೀರು ಚಿಮುಕಿಸಿ ತಂಪು ಮಾಡುತ್ತಿದ್ದ ಲಾವಂಚದ ತಟ್ಟಿ, ಎಲ್ಲವೂ ಇದೇ ಲೆಕ್ಕದ ಮೇಲೆ ನಡೆದವು.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಬಂದಿಲ್ಲ. ಬಾಣಂತಿಯನ್ನು ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಇಟ್ಟವರೂ ನಾವೇ. ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ರೊಟ್ಟಿ ಬಡಿದವರು ಆ ಬೆಳಕಿಂಡಿಯ ಗುಣಗಾನ ಮಾಡಲಿಕ್ಕಿಲ್ಲ.

ಆ ಕತ್ತಲೆಯ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಪ್ಲೇಗ್ ಕಾಲದಲ್ಲಿ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಧಾರವಾಡ, ಹುಬ್ಬಳ್ಳಿ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಗಾಳಿ ಬೆಳಕಿಲ್ಲದ ಮನೆಯಲ್ಲಿ ರೋಗ ಹುಟ್ಟುತ್ತದೆ ಎಂದು ಅಧಿಕಾರಿಗಳು ನಂಬಿದ್ದರು. ಬಿಸಿಲು ಬೀಳಲಿ ಎಂದು ಮುಂಬೈಯಲ್ಲಿ ಮನೆಗಳ ಹೆಂಚು ಕೀಳಿಸಿದರು, ಗೋಡೆಗೆ ಸುಣ್ಣ ಬಳಿಸಿದರು. ಇಲಿ ಮತ್ತು ಅದರ ಮೈಮೇಲಿನ ಚಿಗಟದ ವಿಷಯ ಖಚಿತವಾಗಿದ್ದು ಆಮೇಲೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದದ್ದು ಆಗಲೇ. ಕೊರೊನಾ ಕಾಲದಲ್ಲಿ ನಮ್ಮ ಮೇಲೆ ಹಾಕಿದ್ದೂ ಅದೇ ಕಾಯ್ದೆ. ಪುಣೆಯಲ್ಲಿ ಸಿಪಾಯಿಗಳು ರೋಗಿಗಳನ್ನು ಹುಡುಕುತ್ತಾ ಹೆಂಗಸರ ಕೋಣೆಗೂ ಅಡುಗೆಮನೆಗೂ ನುಗ್ಗಿದರು ಎಂದು ಜನ ಕುದಿದುಹೋದರು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಗುಂಡು ಹೊಡೆದರು. ಶಾಲೆಯ ಪುಸ್ತಕದಲ್ಲಿ ಇದನ್ನು ಸ್ವಾತಂತ್ರ್ಯ ಹೋರಾಟದ ಪಾಠವಾಗಿ ಓದಿದ್ದೇವೆ. ಒಂದು ಮನೆಯ ಒಳಗು ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂಬ ಜಗಳವೂ ಅದರೊಳಗಿತ್ತು.

1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಹೋದರು. ಅಲ್ಲಿ ಅಗಲ ಬೀದಿ, ಮನೆ ಸುತ್ತ ಜಾಗ, ಗೋಡೆಗೆ ದೊಡ್ಡ ಕಿಟಕಿ. ಆ ಕಾಲದ ಮರದ ಕಿಟಕಿಗಳು ಹಳ್ಳಿಯ ದೊಡ್ಡ ಮನೆಗಳಲ್ಲೂ ಇನ್ನೂ ಉಳಿದಿವೆ. ಗಮನಿಸಿ ನೋಡಿ, ಎಷ್ಟೋ ಕಿಟಕಿಗೆ ಎರಡಲ್ಲ, ನಾಲ್ಕು ಬಾಗಿಲು. ಕೆಳಗಿನ ಎರಡು ಮುಚ್ಚಿ ಮೇಲಿನ ಎರಡು ತೆರೆದರೆ ಬೀದಿಯವನ ಕಣ್ಣು ಹೊರಗೇ ಉಳಿಯುತ್ತದೆ, ಬೆಳಕು ಒಳಗೆ ಬರುತ್ತದೆ. ನನ್ನ ಮಟ್ಟಿಗೆ ನಮ್ಮ ಬಡಗಿಗಳು ಮಾಡಿದ ಅತಿ ಜಾಣ ಕೆಲಸ ಇದು.

ಆಮೇಲೆ ಬಲ್ಬು ಬಂತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿತು. ನಮ್ಮ ಹಳ್ಳಿಗಳ ಬಡವರ ಮನೆಗೆ ಅದು ತಲುಪಲು ಭಾಗ್ಯಜ್ಯೋತಿಯ ಒಂದೇ ಬಲ್ಬಿನ ತನಕ ಕಾಯಬೇಕಾಯಿತು. ಬಲ್ಬು ಬಂದ ದಿನ ಜಾಲಂಧ್ರದ ಲೆಕ್ಕ ತಲೆಕೆಳಗಾಯಿತು. ಚಿಮಣಿ ಎಣ್ಣೆಯ ಬುಡ್ಡಿ ದೀಪದಲ್ಲಿ ಮನೆಯೊಳಗೆ ಯಾರು ಎಲ್ಲಿ ಕುಳಿತಿದ್ದಾರೆ ಎಂದು ಹೊರಗಿನವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಈಗ ರಾತ್ರಿ ಒಳಗೆ ಬೆಳಕು, ಹೊರಗೆ ಕತ್ತಲು. ತಟ್ಟಿಯ ಸಂದಿಯಲ್ಲೂ, ತೆಳು ಬಟ್ಟೆಯಲ್ಲೂ ಒಳಗಿನವರ ನೆರಳು ನಾಟಕದ ಹಾಗೆ ಕಾಣತೊಡಗಿತು. ಹಳ್ಳಿಯ ಮನೆಗೆ ದಪ್ಪ ಪರದೆ ಬೇಕಾಗಿದ್ದು ಇಲ್ಲಿಂದ ಎಂದು ನನ್ನ ಊಹೆ.

ಆಮೇಲಿನದು ನಿಮಗೇ ಗೊತ್ತು. ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿದೆವು, ಬೆಳಕಿಂಡಿ ಹೋಯಿತು. ಕಿಟಕಿ ಗೋಡೆಯಲ್ಲಿ ಮೂರಡಿ ಎತ್ತರಕ್ಕೆ ಬಂತು, ನೆಲದ ಮೇಲೆ ಕುಳಿತು ಉಣ್ಣುವವರ ತಲೆಯ ಮಟ್ಟಕ್ಕೆ. ರಸ್ತೆಗೆ ಸಲ ಸಲ ಡಾಂಬರು ಹಾಕಿ ಹಾಕಿ ಅದೂ ಮೇಲೇರಿತು. ಈಗ ಬಹಳ ಮನೆಗಳಲ್ಲಿ ದಾರಿಹೋಕ ಮನೆಯವರಿಗಿಂತ ಎತ್ತರದಲ್ಲಿ ನಡೆಯುತ್ತಾನೆ. ರಾತ್ರಿಗೆಂದು ತಂದ ದಪ್ಪ ಪರದೆಯನ್ನು ಹಗಲೂ ತೆಗೆಯದಿರುವುದು ಇದಕ್ಕೇ.

ಹುಡುಗಿಯ ತಾಯಿಗೆ ಆವತ್ತು ನಾಲ್ಕು ಬಾಗಿಲ ಕಿಟಕಿಯ ವಿಷಯ ಹೇಳಿ ಬಂದಿದ್ದೆ. ಕಿಟಕಿಯ ನಡುಮಟ್ಟಕ್ಕೆ ಒಂದು ತಂತಿ ಕಟ್ಟಿ ಸೀರೆಯನ್ನು ಕೆಳಗಿನ ಅರ್ಧಕ್ಕೆ ಮಾತ್ರ ಇಳಿಬಿಡಿ, ಹೋಟೆಲು, ದವಾಖಾನೆಗಳಲ್ಲಿ ಇರುತ್ತದಲ್ಲ ಹಾಗೆ ಅಂದೆ. ಖರ್ಚು ಒಂದು ತಂತಿ, ಎರಡು ಮೊಳೆ. ದೀಪಾವಳಿ ಹೊತ್ತಿಗೆ ಮತ್ತೆ ಆ ಕಡೆ ಹೋದಾಗ ಹೋಗಿ ನೋಡಿದೆ. ತಂತಿ ಕಟ್ಟಿದ್ದರು. ಆದರೆ ನನ್ನ ಬುದ್ಧಿಯಲ್ಲಿ ಒಂದು ತಪ್ಪಿತ್ತು: ಬಸ್ಸಿನ ಸೀಟು ಆ ಅರ್ಧ ಪರದೆಗಿಂತ ಎತ್ತರ. ಅದನ್ನು ಅವರೇ ಸರಿ ಮಾಡಿಕೊಂಡಿದ್ದರು. ಮೇಲಿನ ಅರ್ಧಕ್ಕೆ ಅಜ್ಜನ ಹಳೆಯ ಬಿಳಿ ಧೋತರದ ತುಂಡು ಒಂದೇ ಪದರ ಕಟ್ಟಿದ್ದರು. ಹಗಲು ಬೆಳಕು ಅದರಲ್ಲಿ ಸೋಸಿ ಬರುತ್ತಿತ್ತು, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ದಪ್ಪ ಸೀರೆಯನ್ನು ಮೇಲಿನಿಂದ ಪೂರ್ತಿ ಎಳೆಯುತ್ತಾರಂತೆ.

ಹುಡುಗಿ ಪಿಯುಸಿಗೆ ಸೇರಿ ಹಾಸ್ಟೆಲ್‌ನಲ್ಲಿದ್ದಳು. ಕಿಟಕಿಯ ಹತ್ತಿರ ಅಜ್ಜಿ ಮರ ಹಿಡಿದು ಅಕ್ಕಿ ಹಸನು ಮಾಡುತ್ತಾ ಕುಳಿತಿದ್ದರು. ಟ್ಯೂಬ್‌ಲೈಟ್ ಆರಿತ್ತು.