ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ.: ನೋಂದಣಿಗೆ ಮುನ್ನ ಶಿಕ್ಷಕರು ಪರಿಶೀಲಿಸಬೇಕಾದ ಅಂಶಗಳು

ಸಕಲೇಶಪುರ ತಾಲ್ಲೂಕಿನ ಆನೇಮಹಲ್ ಹಾಗೂ ಆಲೂರು ತಾಲ್ಲೂಕಿನ ಮಲೆನಾಡು ಗ್ರಾಮಗಳಲ್ಲಿ ಸೇವೆಯಲ್ಲಿದ್ದು, ಎಂ.ಎಡ್. ಪೂರೈಸಿರುವ ಶಿಕ್ಷಕರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

1. ಅವಶ್ಯಕತೆ: ಪ್ರೌಢಶಾಲಾ ಸಹಶಿಕ್ಷಕರ ಹುದ್ದೆಗೆ ಪಿಎಚ್.ಡಿ. ಅಗತ್ಯವಿಲ್ಲ. ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೂ ಯು.ಜಿ.ಸಿ.ಯ 2023ರ ತಿದ್ದುಪಡಿಯಂತೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕವಾಗಿದೆ. ಆದರೆ ಎನ್.ಸಿ.ಟಿ.ಇ.ಯ 2014ರ ನಿಯಮಗಳನ್ವಯ ಬಿ.ಎಡ್. ಕಾಲೇಜಿನ ಪ್ರಾಂಶುಪಾಲರ ಹುದ್ದೆಗೆ ಪಿಎಚ್.ಡಿ. ಅವಶ್ಯಕ. ಆದ್ದರಿಂದ ತಾವು ಬಯಸುವ ಹುದ್ದೆ ಯಾವುದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

2. ಅರ್ಹತೆ: ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ವಿಕಲಚೇತನರು ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ಸಡಿಲಿಕೆ ಇದೆ.

3. ಅವಧಿ: 2022ರ ಯು.ಜಿ.ಸಿ. ನಿಯಮಗಳಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಪಡೆಯಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಒಟ್ಟು 10 ವರ್ಷಗಳವರೆಗೆ ಅವಕಾಶವಿದೆ. ಮಹಿಳೆಯರು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದಾಗಿದೆ.

4. ಸೇವಾನಿರತರಿಗೆ: ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ.ಗೆ ಅನುಮತಿ ಇರುವುದಿಲ್ಲ. ಅರೆಕಾಲಿಕವಾಗಿ ಮಾಡಬಹುದು, ಇದಕ್ಕೆ ನೇಮಕಾತಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುವುದೆಂದೂ, ಅಗತ್ಯವಾದಲ್ಲಿ ಕೋರ್ಸ್‌ವರ್ಕ್‌ಗಾಗಿ ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದೆಂದೂ ಅದರಲ್ಲಿ ನಮೂದಿಸಿರಬೇಕು. ಶಿಕ್ಷಣಶಾಸ್ತ್ರ ವಿಭಾಗವಿರುವ ಮೈಸೂರಿನ ಮಾನಸಗಂಗೋತ್ರಿಯು ಆನೇಮಹಲ್‌ನಿಂದ 150 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದು, ದಿನನಿತ್ಯ ಹೋಗಿಬರುವುದು ಕಷ್ಟಸಾಧ್ಯ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಬಿಡುಗಡೆಗೊಂಡರೆ ಮಕ್ಕಳ ಪಾಠಕ್ಕೆ ಬದಲಿ ವ್ಯವಸ್ಥೆ ಏನೆಂಬುದನ್ನೂ ಮುಂಚಿತವಾಗಿ ಚರ್ಚಿಸತಕ್ಕದ್ದು.

5. ಮಾರ್ಗದರ್ಶಕರು: ಒಂದೇ ಅವಧಿಯಲ್ಲಿ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6 ಮತ್ತು ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಅವಧಿ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸ್ಥಾನ ಖಾಲಿ ಇರುವುದನ್ನು ವಿಚಾರಿಸಿಯೇ ಅರ್ಜಿ ಸಲ್ಲಿಸುವುದು.

6. ವಿಷಯ: ಶಾಲಾ ವರ್ಷದ ನಡುವೆಯೇ ಬರುವ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕಾರ್ಮಿಕರ ಮಕ್ಕಳ ಹಾಜರಾತಿ, ಕಾಡಾನೆಗಳ ಸಂಚಾರವಿರುವ ಹಾದಿಯಲ್ಲಿ ಶಾಲೆಗೆ ನಡೆದುಬರುವ ಮಕ್ಕಳ ಕಲಿಕೆ ಮುಂತಾದವು ಇಲ್ಲಿನ ಶಿಕ್ಷಕರು ಪ್ರತಿದಿನ ಕಾಣುವ ಸಂಗತಿಗಳು. ಇಂತಹ ವಿಷಯವಿದ್ದಲ್ಲಿ ಸೇವೆಯೂ ಸಂಶೋಧನೆಯೂ ಒಂದಕ್ಕೊಂದು ಪೂರಕವಾಗುತ್ತವೆ.

ಹೆಸರಿನ ಮುಂದೆ ಡಾ. ಎಂದು ಬರೆದುಕೊಳ್ಳುವುದಷ್ಟೇ ಉದ್ದೇಶವಾಗಿದ್ದಲ್ಲಿ ಆರು ವರ್ಷಗಳ ಶ್ರಮ ಭಾರವೆನಿಸಬಹುದು. ಉತ್ತರ ಹುಡುಕಲೇಬೇಕೆನಿಸುವ ಪ್ರಶ್ನೆ, ಬಿಡುಗಡೆಯ ಲಿಖಿತ ಭರವಸೆ ಹಾಗೂ ಕುಟುಂಬದ ಒಪ್ಪಿಗೆ ಈ ಮೂರೂ ಇದ್ದಲ್ಲಿ ನೋಂದಾಯಿಸಿಕೊಳ್ಳಬಹುದು. ಯಾವುದಾದರೂ ಒಂದು ಇಲ್ಲದಿದ್ದಲ್ಲಿ ಒಂದು ವರ್ಷ ಕಾಯುವುದು ಸೂಕ್ತ.