ಗಂಟೆ ಬಾರಿಸಿದ ಜಿಗಣೆಗಳು

ಮಲೆನಾಡಿನ ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡವರು ಆ ಕುಲವನ್ನೇ ಶಪಿಸುತ್ತಾರೆ. ಅದರ ನೀರಿನ ದಾಯಾದಿಯೇ ಜಿಗಣೆ. ಜಲವೇ ಓಕಸ್ಸು, ಎಂದರೆ ಮನೆ, ಆದುದರಿಂದ ಸಂಸ್ಕೃತದಲ್ಲಿ ಅದು ಜಲೌಕಸ್ಸು. ಸುಶ್ರುತಸಂಹಿತೆಯು 12 ಬಗೆಯ ಜಿಗಣೆಗಳನ್ನು ಹೇಳಿ, ಆರು ಸವಿಷ, ಆರು ನಿರ್ವಿಷ ಎಂದು ವಿಂಗಡಿಸುತ್ತದೆ. ರಕ್ತ ಹೀರಿಸುವ ಚಿಕಿತ್ಸೆ ಯೂರೋಪಿನಲ್ಲಿಯೂ ಬಹುಕಾಲ ನಡೆಯಿತಾಗಿ, ಅಲ್ಲಿನ ವೈದ್ಯರಿಗೆ ಜಿಗಣೆಯ ಸೀಸೆ ಹೊಸದಲ್ಲ.

ಇಂಗ್ಲೆಂಡಿನ ಪೂರ್ವ ಕರಾವಳಿಯ ವ್ಹಿಟ್ಬಿ ಎಂಬ ಊರಿನಲ್ಲಿ ಜಾರ್ಜ್ ಮೆರ್ರಿವೆದರ್ ಎಂಬ ವೈದ್ಯನಿದ್ದನು. ಮಳೆಗಾಳಿಗೆ ಮುನ್ನ ಜಿಗಣೆ ಸೀಸೆಯಲ್ಲಿ ಮೇಲೇರುವುದೆಂಬ ಮಾತನ್ನು, ಗೋಸಿಡುಬಿನ ಲಸಿಕೆಯಿಂದ ಹೆಸರಾದ ಜೆನ್ನರನು ಒಂದು ಪದ್ಯದಲ್ಲಿ ಹೇಳಿದ್ದನು. ಮೆರ್ರಿವೆದರನಿಗೆ ಅದೇ ಬೀಜವಾಯಿತು. ವೈದ್ಯರು ಪದ್ಯ ಬರೆದರೆ ಇಂತಹ ಉಪಯೋಗವೂ ಉಂಟು!

ಅವನು 12 ಗಾಜಿನ ಸೀಸೆಗಳನ್ನು ವರ್ತುಲಾಕಾರವಾಗಿ ಇರಿಸಿ, ಒಂದೊಂದರಲ್ಲಿಯೂ ಸ್ವಲ್ಪ ಮಳೆಯ ನೀರು ಹೊಯ್ದು, ಒಂದೊಂದು ಜಿಗಣೆಯನ್ನು ಬಿಟ್ಟನು. ಸೀಸೆಯ ಬಾಯಲ್ಲಿ ಲೋಹದ ನಳಿಗೆ; ಅದರೊಳಗೆ ತಿಮಿಂಗಿಲದ ಬಾಯಿಯ ಬಳುಕುವ ಪಟ್ಟಿಯ ಚೂರು; ಅದಕ್ಕೆ ಕಟ್ಟಿದ ತಂತಿ ಮೇಲಿನ ಗಂಟೆಯ ಪುಟ್ಟ ಸುತ್ತಿಗೆಗೆ. ಜಿಗಣೆ ಮೇಲೇರಿ ಚೂರನ್ನು ಜರುಗಿಸಿದೊಡನೆ ಗಂಟೆ ಬಾರಿಸುವುದು. ಹೆಚ್ಚು ಜಿಗಣೆಗಳು ಬಾರಿಸಿದಷ್ಟೂ ಬಿರುಗಾಳಿಯ ಸಂಭವ ಹೆಚ್ಚು. ಒಂಟಿ ಸೆರೆಯ ದುಃಖ ತಟ್ಟದಿರಲೆಂದು, ಅವು ಒಂದನ್ನೊಂದು ನೋಡುವಂತೆ ಸೀಸೆಗಳನ್ನು ಸುತ್ತಲೂ ಇರಿಸಿದನಂತೆ. ಹುಡುಗರನ್ನು ಮೂಲೆಯಲ್ಲಿ ನಿಲ್ಲಿಸುವ ನಾವು ಉಪಾಧ್ಯಾಯರು ಅಷ್ಟು ದಯೆ ತೋರಿದ್ದುಂಟೋ!

1850ರಲ್ಲಿ ಪರೀಕ್ಷೆ ಮಾಡಿ, 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಯಂತ್ರವನ್ನು ಇಟ್ಟನು. ತಂತಿಸಮಾಚಾರದ ಮೂಲಕ ಜಿಗಣೆಯೇ ಸೇಂಟ್ ಪಾಲ್ ದೇವಾಲಯದ ದೊಡ್ಡ ಗಂಟೆಯನ್ನು ಬಾರಿಸಬಹುದೆಂಬುದು ಅವನ ಕನಸು. ಕರಾವಳಿಯುದ್ದಕ್ಕೂ ಇಂಥವನ್ನು ಸ್ಥಾಪಿಸಬೇಕೆಂದನು. ಸರಕಾರ ಒಪ್ಪಲಿಲ್ಲ.

ನಗುವವರು ನಗಲಿ, ಅವನ ಚಿಂತೆ ಹುಸಿಯಾಗಿರಲಿಲ್ಲ. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗಲ್ಸೀ ದಡದ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 450 ಮಂದಿ ಸತ್ತರು. ಹಿಂದೆ ಬೀಗಲ್ ಹಡಗಿನ ಕಪ್ತಾನನಾಗಿದ್ದ ಫಿಟ್ಸ್‌ರಾಯ್ ಆಗ ಹವಾಮಾನ ಇಲಾಖೆಯ ಮುಖ್ಯಸ್ಥ. ಊರೂರಿನ ವಾಯುಭಾರಮಾಪಕದ ಅಂಕಿಗಳನ್ನು ತಂತಿಯಲ್ಲಿ ತರಿಸಿಕೊಂಡು, 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳುಹಿಸತೊಡಗಿದನು. ತಂತಿ ಬೇಕೆಂದು ವೈದ್ಯನು ಊಹಿಸಿದ್ದು ಸರಿಯೇ. ಆದರೆ ಪಾದರಸ ಎಷ್ಟು ಇಳಿಯಿತೆಂದು ಅಳೆಯಬಹುದು, ಊರಿಂದೂರಿಗೆ ಹೋಲಿಸಬಹುದು. ಜಿಗಣೆಯ ಗಂಟೆಯಿಂದ ಗಾಳಿ ಎತ್ತಣಿಂದ ಬರುವುದೆಂದು ತಿಳಿಯದು.

ವೈದ್ಯನು ಬರೆದಿಟ್ಟ ವಿವರಣೆ, ಚಿತ್ರಗಳನ್ನು ನೋಡಿ 1951ರ ಬ್ರಿಟನ್ ಉತ್ಸವಕ್ಕಾಗಿ ಅದರ ಪ್ರತಿಕೃತಿಯೊಂದನ್ನು ಮಾಡಿದರು. ಅದು ವ್ಹಿಟ್ಬಿಯ ವಸ್ತುಸಂಗ್ರಹಾಲಯವನ್ನು ಸೇರಿತು.