ಪದದ ಅಡಿಗೆ ಎಷ್ಟು ಕಾರ್ಡು?

ಬೆಸಗರಹಳ್ಳಿ ಸುತ್ತಿನ ಮದ್ದೂರು–ಮಳವಳ್ಳಿ ಸೀಮೆಯಲ್ಲಿ ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವಾಗ ಜೊತೆಗಿರುವುದು ತಂಬೂರಿ, ಗಗ್ಗರ, ಡಕ್ಕಿ, ತಾಳ. ಕಥೆ ಎಲ್ಲೆಲ್ಲಿ ತಿರುಗಿದರೂ ತಂಬೂರಿಯ ಶ್ರುತಿ ಕದಲುವುದಿಲ್ಲ. ಕಾರ್ಡು ಒಂದೂ ಬದಲಾಗದ ಈ ನೆಲೆಯಿಂದಲೇ ಕನ್ನಡ ಹಾಡಿನ ಹಾರ್ಮನಿಯನ್ನು ಅಳೆಯಬೇಕು ಎಂಬುದು ನನ್ನ ನಿಲುವು.

ಮೈಸೂರು ಅರಮನೆಗೆ ಪಾಶ್ಚಾತ್ಯ ವಾದ್ಯವೃಂದ ಹೊಸದಲ್ಲ. ಜಯಚಾಮರಾಜ ಒಡೆಯರ್ 1940ರ ದಶಕದ ಕೊನೆಯಲ್ಲಿ ರಷ್ಯದ ಸಂಯೋಜಕ ಮೆಟ್ನರ್‌ನ ಧ್ವನಿಮುದ್ರಣಗಳಿಗೆ ಹಣ ಕೊಟ್ಟವರು. ಆದರೆ ಅವರು ರಚಿಸಿದ 94 ಕೃತಿಗಳು ಅಪ್ಪಟ ಕರ್ನಾಟಕ ಪದ್ಧತಿಯವು. ಹಾರ್ಮನಿ ಜನರ ಕಿವಿಗೆ ಬಿದ್ದದ್ದು ಸಿನಿಮಾದಿಂದ. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದ ಇಳಯರಾಜ 1981ರ ‘ಗೀತಾ’ಕ್ಕೆ ಸಂಗೀತ ಕೊಟ್ಟರು, 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂತು. ಊರಹಬ್ಬದ ಆರ್ಕೆಸ್ಟ್ರಾದಲ್ಲೂ ಕೀಬೋರ್ಡ್ ಖಾಯಂ ಆಯಿತು.

ಕಾರ್ಡುಗಳು ಎರಡು ಬಗೆಯಲ್ಲಿ ದಟ್ಟವಾಗುತ್ತವೆ: ಒಂದು ಆವರ್ತದಲ್ಲಿ ಎಷ್ಟು ಸಲ ಬದಲಾಗುತ್ತವೆ, ಒಂದೊಂದರಲ್ಲಿ ಎಷ್ಟು ಸ್ವರ ಇವೆ. ಗಾಯಕಿ ಪಂಚಮದ ಮೇಲೆ ನಾಲ್ಕು ಅಕ್ಷರ ನಿಂತಿದ್ದಾಳೆ ಎನ್ನಿ. ಅಡಿಯಲ್ಲಿ ಸ-ಗ-ಪ ಒಂದೇ ಇದ್ದರೆ ಆ ಪಂಚಮ ನೆಮ್ಮದಿಯಾಗಿರುತ್ತದೆ. ಅಕ್ಷರಕ್ಕೊಂದರಂತೆ ಸ-ಗ-ಪ, ಗ-ಪ-ನಿ, ದ-ಸ-ಗ-ಪ, ಪ-ನಿ-ರಿ ಎಂದು ಬದಲಿಸಿದರೆ ಅದೇ ಪಂಚಮ ಮೊದಲು ಐದನೆಯದು, ಆಮೇಲೆ ಮೂರನೆಯದು, ಏಳನೆಯದು, ಕೊನೆಗೆ ತಾನೇ ಮೂಲಸ್ವರ. ಹಾಡುವವಳು ಅಲುಗಿಲ್ಲ, ನೆಲ ಅಲುಗಿದೆ. ಹಾಡು ಮೋಹನದಲ್ಲಿದ್ದರೆ ತೊಡಕು ಇನ್ನೂ ಹೆಚ್ಚು: ಅದರ ಐದು ಸ್ವರಗಳಲ್ಲಿ ಹುಟ್ಟುವ ಮೇಜರ್, ಮೈನರ್ ಕಾರ್ಡು ಎರಡೇ, ಸ-ಗ-ಪ ಮತ್ತು ದ-ಸ-ಗ. ಮೂರನೆಯದು ಬೇಕೆಂದರೆ ರಾಗದ ಹೊರಗಿನ ಸ್ವರವನ್ನು ಕರೆತರಬೇಕು.

ಹಾಗೆಂದು ಎಣಿಕೆಯೊಂದೇ ಹಾಡನ್ನು ಕೆಡಿಸುವುದಿಲ್ಲ. ನಡುವೆ ಎಷ್ಟು ಪಾಸಿಂಗ್ ಕಾರ್ಡು ಬಂದರೂ ಸಮಕ್ಕೆ ಷಡ್ಜದ ಕಾರ್ಡು ಮರಳಿದರೆ ಕಿವಿ ಒಪ್ಪುತ್ತದೆ. ಸಮದಲ್ಲೇ ನೆಲೆ ತಪ್ಪಿದರೆ ಎರಡೇ ಕಾರ್ಡಿನಲ್ಲೂ ಹಾಡು ತೂರಾಡುತ್ತದೆ.

ಸುಗಮ ಸಂಗೀತದ ದಾರಿ ಬೇರೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಹಾರ್ಮೋನಿಯಂ ಹಿಡಿದು ಹಾಡಿದವರು. ಅವರಿಗೆ ಕವಿಯ ಮಾತು ಮೊದಲು. ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರ ಕವಿತೆಗಳು ಮನೆಮಾತಾಗುವಲ್ಲಿ ಈ ಸಂಯಮದ ಪಾಲು ದೊಡ್ಡದು.

ಈಚೆಗೆ ಜನಪದವೇ ಹೊಸ ಕಾರ್ಡಿಗೆ ಒಡ್ಡಿಕೊಂಡಿದೆ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳಿಗೆ ಗಿಟಾರ್ ಹಿಡಿದರು. ಮಾದಪ್ಪನ ಪದ ‘ಸೋಜುಗಾದ ಸೂಜುಮಲ್ಲಿಗೆ’ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಿಥುನ್ ಮುಕುಂದನ್ ಸಂಗೀತದಲ್ಲಿ, ಚೈತ್ರಾ ಆಚಾರ್ ದನಿಯಲ್ಲಿ ಹೊಸ ಕೇಳುಗರನ್ನು ಮುಟ್ಟಿತು.

ಈ ಸೀಮೆಯ ಪದಗಳಿಗೆ ಕಾರ್ಡು ಕಟ್ಟುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ದಟ್ಟ ಕಾರ್ಡುಗಳನ್ನು ಬಿಜಿಎಂಗೆ ಇಟ್ಟುಕೊಳ್ಳಿ, ಮಾತು ಬರುವಲ್ಲಿ ತೆಳುವಾಗಿಸಿ. ಮೊದಲು ಬರೀ ಶ್ರುತಿಯ ಮೇಲೆ ಪೂರ್ತಿ ಪದ ಹಾಡಿಸಿ ಕೇಳಿ. ಆಮೇಲೆ ಕೀಬೋರ್ಡ್ ಮುಟ್ಟಿ.